ಕೆಮ್ಮು ನಿಂತ ಮಧ್ಯಾಹ್ನ

ಎದೆರೋಗದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ನರ್ಸನ್ನು ಎಲ್ಲರೂ ‘ದೊಡ್ಡ ಸಿಸ್ಟರ್’ ಎನ್ನುತ್ತಿದ್ದರು. ಬಾಗಿಲಾಚೆ ನಿಂತು ಕೆಮ್ಮು ಕೇಳಿಯೇ ಯಾವ ಹಾಸಿಗೆಯವರೆಂದು ಹೇಳಬಲ್ಲವಳು. ಆದರೆ ಬಡಗಿಯಾಗಿದ್ದ ಸ್ವಂತ ಅಣ್ಣ ಮಾತ್ರ ಅವಳ ಮಾತನ್ನು ಕಿವಿಗೆ ಹಾಕಿಕೊಂಡವನಲ್ಲ.

“ಮೂರು ತಿಂಗಳಿಂದ ಕಫ ಬರ್ತಿದೆ. ಹೋದ ವರ್ಷಾನೂ ಹೀಗೇ ಇತ್ತು. ಇದು ನೆಗಡಿ ಅಲ್ಲ ಕಣೋ, ಶ್ವಾಸನಾಳದ ಹಳೇ ಊತ. ಸಿಗರೇಟು ಬಿಡು,” ಎಂದರೆ, “ಗರಗಸಕ್ಕೆ ಶ್ರುತಿ ಹಿಡಿಯೋಕೆ ಒಂದು ಕೆಮ್ಮಾದ್ರೂ ಬೇಡ್ವೇನೇ?” ಎಂದು ನಗುತ್ತಿದ್ದ. ನಗು ಮುಗಿದ ಮೇಲೂ ಎದೆಯೊಳಗೆ ಸಣ್ಣಗೆ ಶಿಳ್ಳೆ ಹೊಡೆದಂತಾಗುತ್ತಿತ್ತು.

ಕೆಮ್ಮು ಶುರುವಾದ ಐದನೆಯ ಚಳಿಗಾಲ ಕಫ ಹಸಿರಾಯಿತು, ತುಟಿ ನೀಲಿಗಟ್ಟಿತು. ಅಣ್ಣ ಅವಳದೇ ವಾರ್ಡಿಗೆ ಬಂದು ಮಲಗಿದ. ಗೋಡೆಯ ಮೀಟರಿನ ತಿರುಪು ತಿರುಗಿಸಿ ಡಾಕ್ಟರು ಹೇಳಿದಷ್ಟೇ ಆಮ್ಲಜನಕ ಇಟ್ಟು, ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಗೆ, “ಇದನ್ನ ಮುಟ್ಬೇಡಿ ಅತ್ತಿಗೆ,” ಎಂದು ಆಕೆ ಬೇರೆ ಹಾಸಿಗೆಗೆ ಓಡಿದಳು.

ಮೂರನೆಯ ಮಧ್ಯಾಹ್ನ ಊಟ ಮುಗಿಸಿ ಬಂದವಳ ಕಾಲು ಬಾಗಿಲಲ್ಲೇ ನಿಂತಿತು. ಅಣ್ಣನ ಕೆಮ್ಮಿನ ಸದ್ದೇ ಇಲ್ಲ.

“ಶ್, ಈಗ ತಾನೆ ಕಣ್ಣು ಹತ್ತಿದೆ. ಎಷ್ಟು ದಿನಕ್ಕೆ ನಿದ್ದೆ ಬಂತು ನೋಡಮ್ಮ!” ಅತ್ತಿಗೆಯ ಮುಖದಲ್ಲಿ ಗೆಲುವಿತ್ತು.

ಅಣ್ಣನ ಮುಖ ಕೆಂಪೇರಿತ್ತು, ಕೈ ಬೆಚ್ಚಗಿತ್ತು. ನೋಡಿದವರು ಚೇತರಿಸಿಕೊಂಡ ಎನ್ನಬೇಕು. ಅವಳು ಗೋಡೆಯ ಮೀಟರ್ ನೋಡಿದಳು. ಅದರ ಕೊಳವೆಯೊಳಗೆ ಎರಡರ ಗೆರೆಯಲ್ಲಿರಬೇಕಾದ ಪುಟ್ಟ ಚೆಂಡು ಹತ್ತರ ಮೇಲೆ ಕುಣಿಯುತ್ತಿತ್ತು.

“ತಿರುಗಿಸಿದ್ದು ಯಾರು?”

“ನಾನೇ. ಒದ್ದಾಡ್ತಿದ್ರು. ಗಾಳಿ ಜಾಸ್ತಿ ಆದ್ರೆ ಒಳ್ಳೇದಲ್ವಾ?”

“ಅಣ್ಣಾ! ಏ ಅಣ್ಣಾ!” ಭುಜ ಹಿಡಿದು ಅಲುಗಿಸಿದಳು. ರೆಪ್ಪೆ ಅದುರಿತಷ್ಟೆ. ಉಸಿರು ನಿಮಿಷಕ್ಕೆ ಎಂಟೇ ಸಲ. ಇಂಥ ಶ್ವಾಸಕೋಶಕ್ಕೆ ಆಮ್ಲಜನಕ ಮಿತಿಮೀರಿದರೆ ಹೊರಹೋಗಬೇಕಾದ ಕೆಟ್ಟ ಗಾಳಿ ಒಳಗೇ ತುಂಬಿ ಮಂಪರು ಕವಿಯುತ್ತದೆ. ಆ ನಿದ್ದೆಯಿಂದ ಏಳದವರನ್ನು ಅವಳು ಕಂಡಿದ್ದಳು.

ಆಮ್ಲಜನಕ ನಿಲ್ಲಿಸದೆ ಇಳಿಸಿದಳು, ತಲೆದಿಕ್ಕು ಎತ್ತರಿಸಿದಳು, ಡಾಕ್ಟರನ್ನು ಕೂಗಿದಳು. ಮುಖಕ್ಕೆ ಬಿಗಿಯುವ ಉಸಿರಾಟದ ಯಂತ್ರ ಬಂತು. ಎರಡು ಗಂಟೆಯ ಮೇಲೆ ಅಣ್ಣ ಕಣ್ಣು ಬಿಟ್ಟು ಕೆಮ್ಮಿದ.

ಅತ್ತಿಗೆ ಬಿಕ್ಕಿದಳು. “ನೀನು ಹೇಳಿದ್ದೆ...”

“ಮುಟ್ಬೇಡಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ತಪ್ಪು ನಂದೂ ಇದೆ.”

ಅಣ್ಣ ಬದುಕಿದ. ಸಿಗರೇಟು ಬಿಟ್ಟ, ಮರದ ಕೆಲಸವನ್ನೂ ಬಿಟ್ಟ. ಹೋದ ಉಸಿರು ಮಾತ್ರ ಪೂರ್ತಿ ಮರಳಲಿಲ್ಲ. ಮುಂದಿನ ಚಳಿಗಾಲಕ್ಕೆ ಇನ್ನೂ ತಿಂಗಳಿರುವಾಗಲೇ ಅತ್ತಿಗೆಯ ಫೋನು ಬಂತು.

“ಮೆಟ್ಟಿಲು ಹತ್ತೋವಾಗ ನಿನ್ನೆ ಒಂದು ಕಡೆ ನಿಂತ್ರು. ಇವತ್ತು ನಾಲ್ಕು ಕಡೆ.”

“ಹೊರಡಿ ಅತ್ತಿಗೆ. ಸಂಜೆವರೆಗೆ ಕಾಯ್ಬೇಡಿ,” ಎಂದು ಅವಳು ಹಾಸಿಗೆ ಸಿದ್ಧಮಾಡಲು ಎದ್ದಳು.