ಕಡಲಿಗೆ ಕಿವಿಗೊಟ್ಟವರ ಹೆಂಡತಿ

ನನ್ನ ಗಂಡ ಟೆರೇಸಿನ ಮೇಲೆ ನಿಂತು ಫೋನಿನಲ್ಲಿ ಇನ್ನೊಬ್ಬ ಹೆಂಗಸಿಗೆ ನಾಲಿಗೆ ಲೊಚಗುಟ್ಟುವುದನ್ನು ನಾನು ಈ ಎರಡು ಕಣ್ಣುಗಳಿಂದಲೇ ನೋಡಿದ್ದೇನೆ. ಒಂದು ಸಲವಲ್ಲ, ಎಷ್ಟೋ ಭಾನುವಾರ. ಕಾಶಿಯ ಬಂಗಾಲಿ ಟೋಲಾದ ನಮ್ಮ ಬಾಡಿಗೆ ಮನೆಯ ಮೇಲೆ ಕೋತಿಗಳ ಕಾಟಕ್ಕೆಂದು ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅದರೊಳಗೆ ನಿಂತು, ಫೋನನ್ನು ತುಟಿಗೆ ಹತ್ತಿರ ಹಿಡಿದು, ‘ಟಿಕ್… ಟಿಕ್… ಟಿಕ್’ ಎನ್ನುತ್ತಿದ್ದರು. ಹಲ್ಲಿಯ ಸದ್ದಿನ ಹಾಗೆಯೇ, ಆದರೆ ಲಯ ತಪ್ಪದೆ, ಒಂದೇ ಸಮನೆ. ನಾನು ಒಣಗಿದ ಬಟ್ಟೆ ತೆಗೆಯುವ ನೆಪ ಮಾಡಿಕೊಂಡು ಮೇಲೆ ಹೋದರೆ ಬೆನ್ನು ತಿರುಗಿಸುತ್ತಿದ್ದರು.

ಒಮ್ಮೆ ಕೆಳಗಿನ ಮನೆಯೊಡತಿ ಮೆಟ್ಟಿಲ ಮೇಲೆ ನನ್ನನ್ನು ತಡೆದು, “ಬಾಬೂಜಿ ಕೇಸೆ ಬತಿಯಾವತ್ ಹಉವನ್?” ಎಂದು ಕೇಳಿದಳು. ಬಾಬೂಜಿ ಯಾರ ಜೊತೆ ಮಾತಾಡ್ತಿದ್ದಾರೆ ಎಂದು. “ಆಫೀಸ್ ಕಾ ಕಾಮ್” ಎಂದೆ. ಪೆನ್ಶನ್ ತಗೊಳ್ಳುವ ಗಂಡಸಿಗೆ ಭಾನುವಾರ ಸಂಜೆ ಅದೆಂಥ ಆಫೀಸು? ಅವಳು ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು.

ನೇರವಾಗಿಯೇ ಹೇಳಿಬಿಡುತ್ತೇನೆ. ನನಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಿತ್ತು. ಸಣ್ಣದಲ್ಲ, ಊಟದ ರುಚಿ ಕೆಡಿಸುವಷ್ಟು. ನನ್ನ ಗಂಡನ ಕಿವಿ ಈಗ ಮಂದ. ನಾನು ಅಡುಗೆಮನೆಯಿಂದ ಏನು ಕೇಳಿದರೂ ‘ಆಂ?’ ಎನ್ನುತ್ತಾರೆ. ಉಪ್ಪು ಸಾಕಾ ಅಂದರೂ ಆಂ, ಮನೆಗೆ ಬೆಂಕಿ ಬಿದ್ದಿದೆ ಅಂದರೂ ಆಂ. ಆದರೆ ಆ ಫೋನು ಬಂದಾಗ ಮಾತ್ರ ಒಂದು ಸಲವೂ ಆ ‘ಆಂ’ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಅವಳ ಮಾತಿಗೆ ಮೈಯೆಲ್ಲ ಕಿವಿಯಾಗಿ ನಿಂತಿರುತ್ತಿದ್ದರು.

ಅವಳು ಯಾರೆಂಬುದು ಗುಟ್ಟೇನಲ್ಲ. ನನ್ನವರು ನಿವೃತ್ತರಾಗುವ ತನಕ ಸಮುದ್ರದ ಸರ್ವೆ ಹಡಗಿನಲ್ಲಿ ನೀರೊಳಗಿನ ಸದ್ದು ಕೇಳುವ ಕೆಲಸದಲ್ಲಿದ್ದವರು. ನಿವೃತ್ತಿಗೆ ಸ್ವಲ್ಪ ಮುಂಚೆ, ಪೂರ್ವ ಕರಾವಳಿಯಾಚೆ ಒಂದು ಸಣ್ಣ ವಿಮಾನ ಕಾಣೆಯಾಯಿತು. ಅದನ್ನು ಹಾರಿಸುತ್ತಿದ್ದವರು ಇವಳ ಗಂಡ. ಹುಡುಕಲು ಹೋದ ಹಡಗುಗಳಲ್ಲಿ ನನ್ನವರದೂ ಒಂದು.

ಹುಡುಕುವ ಬಗೆಯನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ ಈಗ ನಾನೇ ಪಾಠ ಮಾಡಬಲ್ಲೆ. ವಿಮಾನದ ಹಿಂಬದಿಯಲ್ಲಿ ಒಂದು ಪುಟ್ಟ ಯಂತ್ರವಿರುತ್ತದೆ. ನೀರು ತಾಗಿದ ಕೂಡಲೇ ಅದು ತಾನಾಗಿಯೇ ಸೆಕೆಂಡಿಗೊಂದರಂತೆ ಸದ್ದು ಮಾಡತೊಡಗುತ್ತದೆ. ಆ ಸದ್ದು ಮನುಷ್ಯರ ಕಿವಿಗೆ ಕೇಳಿಸದಷ್ಟು ಕೀರಲು. ಅದಕ್ಕಾಗಿ ಹಡಗಿನ ಹಿಂದೆ ಉದ್ದನೆಯ ಕೇಬಲ್ಲಿಗೆ ಕಿವಿಯಂಥದ್ದೊಂದನ್ನು ಕಟ್ಟಿ, ಆಳಕ್ಕೆ ಇಳಿಬಿಟ್ಟು, ಹೊಲ ಉಳುವ ಹಾಗೆ ಸಾಲು ಸಾಲಾಗಿ ಸಮುದ್ರವನ್ನು ಗೀರುತ್ತ ಹೋಗುತ್ತಾರೆ. ಅದಕ್ಕೆ ಕೇಳಿಸಿದ್ದನ್ನು ನಮ್ಮ ಕಿವಿಗೆ ಎಟುಕುವ ಹಾಗೆ ತಗ್ಗಿಸಿ ಹೆಡ್‌ಫೋನಿಗೆ ಕಳಿಸುತ್ತಾರೆ. ಬ್ಯಾಟರಿ ಬಾಳುವುದು ತಿಂಗಳಷ್ಟು ಕಾಲ. ಅದು ಮುಗಿದ ಮೇಲೆ ಕಡಲು ಬಾಯಿ ಮುಚ್ಚಿಕೊಳ್ಳುತ್ತದೆ.

ಇವರು ಆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ ದಿನಗಳಲ್ಲೇ ಊರಲ್ಲಿ ನನ್ನವ್ವ ಹಾಸಿಗೆ ಹಿಡಿದು ಹೋಗಿಬಿಟ್ಟಳು. ಹಡಗಿಗೆ ಸುದ್ದಿ ಮುಟ್ಟಿಸಿದರು. ಇವರು ಬರಲಾಗಲಿಲ್ಲ, ಅದು ನನಗೂ ಗೊತ್ತು. ಎಲ್ಲ ಮುಗಿದ ಮೇಲೆ ಬಂದವರು ಅವ್ವ ಹೇಗೆ ಹೋದಳು ಎಂದು ಕೇಳಲೇ ಇಲ್ಲ. ಕೈಕಾಲು ತೊಳೆಯುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದೇ ಬೇರೆ.

“ಅದು ವಿಮಾನದ್ದಲ್ಲ,” ಅಂದರು. “ನಮ್ಮ ಹಡಗಿಂದು. ಆಳ ಅಳೆಯೋ ಯಂತ್ರದ ಸಪ್ಪಳ ತಳಕ್ಕ ಬಡದು ತಿರುಗಿ ಬಂದಿತ್ತು.”

ಏನೆಂದರೆ, ಹುಡುಕಾಟದ ನಡುವೆ ಒಂದು ದಿನ ಇವರ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೇಳಿಸಿತ್ತು. ಟಿವಿಯವರು ಕೂಗಿದ್ದೇ ಕೂಗಿದ್ದು, ವಿಮಾನ ಸಿಕ್ಕೇಬಿಟ್ಟಿತು ಎಂದು. ಆಮೇಲೆ ಸದ್ದು ನಿಂತಿತು, ಏನೂ ಸಿಗಲಿಲ್ಲ. ಅಧಿಕೃತವಾಗಿ ‘ಖಚಿತವಾಗಿ ಹೇಳಲಾಗದು’ ಎಂದಷ್ಟೇ ಹೇಳಿ ಮುಗಿಸಿದರು. ನಿಜ ಏನೆಂದು ಇವರು ಮನೆಗೆ ಬಂದು ನನಗೆ ಹೇಳಿದ್ದರು. ಆ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡೆ. ಅವಳಿಗೆ ಫೋನಿನಲ್ಲಿ ಎಷ್ಟು ಬೇಕಾದರೂ ಟಿಕ್ ಅನ್ನಲಿ, ಒಳಗಿನ ಮಾತು ನನ್ನ ಹತ್ತಿರವಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವಳ ಪರಿಚಯವಾದದ್ದು ಹಡಗು ಬಂದರಿಗೆ ಮರಳಿದ ದಿನ. ಬರಿಗೈಯಲ್ಲಿ ಬಂದ ಸುದ್ದಿಯನ್ನು ಅವಳಿಗೆ ತಿಳಿಸಬೇಕಿತ್ತು, ಹಡಗಿನಲ್ಲಿ ಕನ್ನಡ ಬಲ್ಲವರು ಇವರೊಬ್ಬರೇ. ಆ ಸದ್ದು ಹೇಗೆ ಕೇಳಿಸುತ್ತದೆ ಎಂದು ಅವಳು ಕೇಳಿದಳಂತೆ, ಇವರು ನಾಲಿಗೆಯಲ್ಲಿ ಮಾಡಿ ತೋರಿಸಿದರಂತೆ. ಅಲ್ಲಿಂದ ಶುರುವಾದದ್ದು ಕಾಶಿಯ ತನಕ ಬಂತು. ಕಡಲು ಬೇಡವೆಂದು ಇಷ್ಟು ದೂರ ಬಂದು ನೆಲೆಸಿದವರು ನಾವು. ಊರ ಕಡೆಯ ಮಠವೊಂದು ಇಲ್ಲಿ ಇಟ್ಟಿರುವ ಯಾತ್ರಿಗಳ ಕೋಣೆಗಳನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಹಿಡಿಸಿತ್ತು. ಆದರೂ ಭಾನುವಾರ ಬಂದರೆ ಆಯಿತು, ಮತ್ತೆ ಅದೇ ಟಿಕ್ ಟಿಕ್.

ಹೋದ ಚಳಿಗಾಲದಲ್ಲಿ ಅವಳೇ ಬಂದಳು.

“ಆಕಿ ಗಂಡನ ಕ್ರಿಯಾ ಮಾಡಸಬೇಕಂತ ಬರಾಕತ್ತಾಳ,” ಎಂದು ಇವರು ಮುಖ ಸಪ್ಪಗೆ ಮಾಡಿಕೊಂಡು ಹೇಳಿದರು. “ನಮ್ಮನ್ಯಾಗ ಇಟ್ಕೋಳೋಣು.”

ಮಠದಲ್ಲಿ ಅಷ್ಟೊಂದು ಕೋಣೆಗಳಿದ್ದವು. ಒಂದನ್ನೂ ಅವರು ನೆನೆಸಿಕೊಳ್ಳಲಿಲ್ಲ.

ಗದೌಲಿಯಾ ಚೌಕದಿಂದ ಅವಳ ಚೀಲವನ್ನು ಇವರೇ ಹೊತ್ತು ತಂದರು. ಮಂಡಿ ನೋವೆಂದು ನನ್ನ ತರಕಾರಿ ಚೀಲ ಮುಟ್ಟದ ಮನುಷ್ಯ! ನಾನು ಮೊದಲು ನೋಡಿದ್ದು ಅವಳ ಹಣೆ. ನನ್ನದಕ್ಕಿಂತ ದೊಡ್ಡ ಕುಂಕುಮ. ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳಿರಬೇಕು. ಚೆಲುವೆಯೇನಲ್ಲ ಎಂದು ನೆಮ್ಮದಿಪಡುವಷ್ಟರಲ್ಲಿ ನಕ್ಕಳು, ಚೆಲುವೆಯೇ. ನನ್ನನ್ನು “ಅಕ್ಕಾ” ಎಂದಳು. ಇವರನ್ನು ಅಣ್ಣ ಎನ್ನುತ್ತಾಳೇನೋ ಎಂದು ಕಾದೆ. “ಸರ್” ಎಂದಳು.

ಎರಡು ದಿನ ನನ್ನ ಮನೆಯಲ್ಲಿ ನಾನೇ ಅತಿಥಿಯಂತಿದ್ದೆ. ಬೆಳಗ್ಗೆ ಎದ್ದು ಇವರು ಕಚೋರಿ ತಂದರು, ಅವಳಿಗೆ ಖಾರ ಆಗದೆಂದು ಜಿಲೇಬಿಯನ್ನೂ ತಂದರು. ವಿಶ್ವನಾಥ ಗಲ್ಲಿಯ ನೂಕುನುಗ್ಗಲಿನಲ್ಲಿ ಅವಳಿಗೆ ದಾರಿ ಬಿಡಿಸುತ್ತ ಮುಂದೆ ಹೋದರು. ನಾನು ಹಿಂದೆ ಒಂದು ಗೂಳಿಯ ಜೊತೆ ಸಿಕ್ಕಿಕೊಂಡು ಉಳಿದೆ. ದಶಾಶ್ವಮೇಧ ಘಾಟಿನ ಪುರೋಹಿತರನ್ನು ಮಾತಾಡಿಸಿ ಬಂದರು. ದೇಹ ಸಿಗದವರಿಗೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ನಡೆಸುವ ಕ್ರಮವಿದೆ. ನಾಡಿದ್ದು ಮಾಡಬಹುದು ಎಂದರಂತೆ. ಆದರೆ ಅವಳು ಹೂಂ ಎನ್ನಲಿಲ್ಲ. “ಸರ್ ಒಂದು ಮಾತು ಹೇಳ್ಲಿ, ಆಮ್ಯಾಲೆ” ಎಂದಳು. ಯಾವ ಮಾತು ಎಂದು ಇವರೂ ಕೇಳಲಿಲ್ಲ, ಅವಳೂ ಬಿಡಿಸಲಿಲ್ಲ. ಇಬ್ಬರಿಗೂ ಅರ್ಥವಾದದ್ದು ನನಗೊಬ್ಬಳಿಗೆ ಆಗಲಿಲ್ಲವೆಂಬುದೇ ನನ್ನನ್ನು ಕೆರಳಿಸಿತು.

ಮರುದಿನ ಇವರು ಮಠಕ್ಕೆ ಹೋಗಿದ್ದಾಗ ಅವಳು ನನ್ನ ಜೊತೆ ಅಡುಗೆಮನೆಯಲ್ಲಿ ಕೂತು ನೇನುವಾ ಹೆಚ್ಚುತ್ತಿದ್ದಳು. ನಮ್ಮ ಕಡೆಯ ತುಪ್ಪದ ಹೀರೆಕಾಯಿಗೆ ಇಲ್ಲಿ ಹಾಗನ್ನುತ್ತಾರೆ. ಹೋಳುಗಳನ್ನು ನೋಡಿ ಇನ್ನಷ್ಟು ಸಿಟ್ಟು ಬಂತು, ಒಂದೇ ಅಳತೆಯ ಹೋಳುಗಳು. ಅವಳು ಕಾಯುತ್ತಿರುವುದು ಆ ಸದ್ದಿನ ನಿಜಕ್ಕೇ ಇರಬೇಕೆಂದು ಅಷ್ಟರಲ್ಲಿ ಊಹಿಸಿದ್ದೆ. ತಡೆದುಕೊಳ್ಳಲಾಗಲಿಲ್ಲ, ಸೆರಗಿನ ಗಂಟು ಬಿಚ್ಚಿಯೇಬಿಟ್ಟೆ.

“ಅವರೇನು ಹೇಳಬೇಕಂತ ನೀ ಕಾಯಾಕತ್ತೀಯೋ ನನಗ ಗೊತ್ತದ. ಆ ಸಪ್ಪಳ ವಿಮಾನದ್ದಲ್ಲ. ಅವರದ ಹಡಗಿಂದು. ಬಂದ ದಿನಾನ ನನಗ ಹೇಳ್ಯಾರ.”

ಅವಳ ಮುಖ ಕಪ್ಪಿಡುತ್ತದೆ ಎಂದುಕೊಂಡಿದ್ದೆ. ಅವಳು ಈಳಿಗೆಯಿಂದ ಕೈ ತೆಗೆಯಲೂ ಇಲ್ಲ.

“ಗೊತ್ತದ ಅಕ್ಕಾ. ಬಂದರದಾಗ ನಿಂತಾಗ ಹೇಳಿದ್ರು. ಹೇಳಿ ಅತ್ತುಬಿಟ್ರು, ಪಾಪ.”

ಬಂದರದಲ್ಲಿ. ಎಂದರೆ ಮನೆಗೆ ಬರುವ ಮುಂಚೆ, ನನಗಿಂತ ಮುಂಚೆ. ಅದೂ ಅತ್ತು! ನನ್ನ ಮುಂದೆ ಇಷ್ಟು ವರ್ಷದಲ್ಲಿ ಒಂದು ಹನಿ ಕಣ್ಣೀರು ಹಾಕದವರು. ನನ್ನವ್ವನಿಗೂ ಹಾಕದವರು. ಇಷ್ಟು ದಿನ ನಾನು ಜೋಪಾನ ಮಾಡಿದ್ದು ಅವಳು ಉಂಡು ಬಿಟ್ಟ ಎಲೆಯ ಮೇಲಿನ ಎಂಜಲು. ನನಗೆ ಅವಳನ್ನು ಎಬ್ಬಿಸಿ ಹೊರಗೆ ಕಳಿಸಬೇಕೆನಿಸಿತು.

“ಗೊತ್ತಿದ್ದ ಮ್ಯಾಲೆ ಯಾಕ ವಾರಾ ವಾರಾ ಟಿಕ್ ಟಿಕ್ ಅನಸ್ತಿದ್ದಿ?” ಎಂದು ಜೋರಾಗಿಯೇ ಕೇಳಿದೆ.

“ಎಲ್ಲಾರೂ ಹುಡುಕೋದು ಬಿಟ್ಟಿದ್ರಲ್ಲ, ಅಕ್ಕಾ. ಸರ್ ಟಿಕ್ ಅಂದಾಗ ಒಬ್ರರ ಇನ್ನೂ ಹುಡಕಾಕತ್ತಾರ ಅಂತ ಅನಸ್ತಿತ್ತು.” ಈಳಿಗೆ ಪಕ್ಕಕ್ಕೆ ಸರಿಸಿದಳು. “ಆದ್ರ ಈಗ ನಮ್ಮನ್ಯಾವ್ರ ದನಿ ಹೆಂಗಿತ್ತು ಅಂತ ನೆನಸ್ಕೋಬೇಕು ಅಂದ್ರ ಬರವಲ್ಲದು. ಕಣ್ಣು ಮುಚ್ಚಿದ್ರ ಆ ಟಿಕ್ ಟಿಕ್ ಅಷ್ಟ ಬರ್ತದ. ದನಿ ಮರತುಹೋಗ್ಯದ ಅಕ್ಕಾ. ಸರ್ ಇನ್ನ ಸಾಕು ಅನ್ನಲಿ. ಅವರು ಬಿಟ್ರ ನಾನೂ ಬಿಡ್ತೀನಿ, ಕ್ರಿಯಾ ಮಾಡಸ್ತೀನಿ. ನಾನಾಗಿ ಹೆಂಗ ಹೇಳ್ಲಿ ಅವರಿಗೆ? ಇಷ್ಟು ವರ್ಷ ನನ್ನ ಸಲುವಾಗಿ ಮಾಡ್ಯಾರ. ನೀವ ಹೇಳ್ರಿ.”

ನಾನು ಎಷ್ಟೋ ವರ್ಷದಿಂದ ಬಯಸಿದ್ದ ಮಾತು ತಾನಾಗಿ ನನ್ನ ಉಡಿಗೆ ಬಿದ್ದಿತ್ತು. ಅವಳಿಗೆ ಇನ್ನು ನನ್ನ ಗಂಡನ ಫೋನು ಬೇಡ! ಆ ಸಂಜೆ ಟೆರೇಸಿಗೆ ಹೋಗುವಾಗ ನನ್ನ ಕಾಲಿಗೆ ಹದಿನಾರರ ಹುರುಪು. ಅವರು ಕೋತಿ ಹರಿದ ಜಾಲರಿಗೆ ತಂತಿ ಸುತ್ತುತ್ತಿದ್ದರು. ಅವರ ಕಿವಿಯ ಹತ್ತಿರ ಹೋಗಿ ಅವಳು ಹೇಳಿದ್ದನ್ನೆಲ್ಲ ಕೂಗಿ ಹೇಳಿದೆ. ದನಿ ಮರೆತದ್ದನ್ನೂ ಬಿಡಲಿಲ್ಲ. ಉಪ್ಪು ಖಾರ ಹಚ್ಚಬೇಕೆಂದಿದ್ದೆ, ಹಚ್ಚುವ ಅಗತ್ಯವೇ ಬೀಳಲಿಲ್ಲ.

ಅವರ ಕೈ ನಿಂತಿತು.

“ಸಾಕು ಅಂತ ಹೇಳು ಆಕಿಗೆ,” ಎಂದರು. ಆಮೇಲೆ, “ನಿನಗ್ಯಾಕ ಹೇಳಿದ್ಲು? ನನಗ ಹೇಳಬಹುದಿತ್ತಲ್ಲ.”

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರಗಳಂದು ಕನ್ನಡಿಯಲ್ಲಿ ನಾನು ಕಾಣುತ್ತಿದ್ದುದು ಅದೇ. ಖುಷಿಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಆ ಕಿಚ್ಚೂ ಅವಳಿಗಾಗಿಯೇ ಎಂದು ಹೊಳೆದಾಗ ಮತ್ತೆ ಉರಿಯಿತು.

ಮರುದಿನ ಬೆಳಗ್ಗೆ ದಶಾಶ್ವಮೇಧಕ್ಕೆ ಹೋದೆವು. ಅವಳು ನನ್ನ ಕೈ ಹಿಡಿದು ಕೆಳಗಿನ ಮೆಟ್ಟಿಲಿಗೆ ಕರೆದೊಯ್ದಳು. ಇವರು ನಮ್ಮಿಬ್ಬರ ಚಪ್ಪಲಿ ಕಾಯುತ್ತ ಮೇಲೆ ಉಳಿದರು. ಪುರೋಹಿತರು ದರ್ಭೆಯ ಆಕೃತಿಯನ್ನು ಎಲೆಯ ಮೇಲೆ ಮಲಗಿಸಿದರು. ಕಾಶಿಯಲ್ಲೇ ಹುಟ್ಟಿ ಬೆಳೆದವರು, ಅವರ ಕನ್ನಡದಲ್ಲಿ ಅರ್ಧ ಹಿಂದಿ.

“ಅಮ್ಮಾ, ಪಹಲೇ ಗೋತ್ರ ಹೇಳ್ರಿ, ಆಮೇಲೆ ನಾಮ್ ಹೇಳ್ರಿ.”

ಗೋತ್ರ ಹೇಳಿದಳು. ಹೆಸರಿನ ಹತ್ತಿರ ತಡೆದಳು. ನಮ್ಮ ಮನೆಗಳಲ್ಲಿ ಗಂಡನ ಹೆಸರು ಹೆಂಡತಿ ಹೇಳುವುದಿಲ್ಲ. ಅವಳು ಒಂದು ಸಲವೂ ಹೇಳಿರಲಿಕ್ಕಿಲ್ಲ. ನನ್ನ ಮುಖ ನೋಡಿದಳು.

“ಹೇಳವಾ. ಈಗ ಹೇಳಬೇಕು,” ಎಂದೆ.

ಬಾಯಿ ತೆರೆದಳು. ಹೆಸರು ಬಂತು, ಆದರೆ ಅವಳ ದನಿಯಲ್ಲಿ ಅಲ್ಲ. ಗಡಸಾಗಿ, ಅವಸರದಲ್ಲಿ, ಕೊನೆಯ ಅಕ್ಷರವನ್ನು ಕಡಿದುಬಿಟ್ಟಂತೆ, ಕೆಲಸದಲ್ಲಿರುವ ಗಂಡಸು ಹೇಳುವ ಹಾಗೆ. ಪುರೋಹಿತರು ತಲೆಯೆತ್ತಿದರು. ಅವಳೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಕ್ಕಾ, ಹಿಂಗ… ಹಿಂಗ ಅಂತಿದ್ರು. ಫೋನ್ ಎತ್ತಿದ ಕೂಡ್ಲೆ ತಮ್ಮ ಹೆಸರು ಹಿಂಗ ಅಂತಿದ್ರು.”

ಮತ್ತೊಮ್ಮೆ ಹೇಳಿದಳು, ಹಾಗೆಯೇ. ಇನ್ನೊಮ್ಮೆ ಹೇಳಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಪುರೋಹಿತರು ಅವಸರ ಮಾಡದೆ ಕಾದರು.

ಮೇಲಿನಿಂದ ನನ್ನ ಗಂಡ ಇಳಿದು ಬರುತ್ತಿದ್ದರು. ಚಪ್ಪಲಿಗಳನ್ನು ಅಲ್ಲೇ ಬಿಟ್ಟು, ಕಿವಿಗೆ ಕೈ ಆನಿಸಿ, ಮುಂದೆ ಬಾಗಿ. ನಾವೆಯವರ ಕೂಗು, ಮೈಕಿನ ಭಜನೆ, ಗಂಟೆ, ಎಲ್ಲದರ ನಡುವೆ ಅವರಿಗೆ ಏನೂ ಕೇಳಿಸಿರಲಿಲ್ಲ. ಅಷ್ಟರಲ್ಲಿ ಅವಳು ಸುಮ್ಮನಾಗಿದ್ದಳು, ಪುರೋಹಿತರು ಮಂತ್ರ ಶುರು ಮಾಡಿದ್ದರು.

“ಏನಂದ್ಲು? ಏನಂದ್ಲು ಆಕಿ?”

“ಏನಿಲ್ಲ,” ಎಂದೆ. “ಹೆಸರು ಹೇಳಿದ್ಲು.”

ಅವಳು ಊರಿಗೆ ಹೋದ ಮೇಲೆ ಅವರು ಮತ್ತೆರಡು ಸಲ ಕೇಳಿದರು. ಹೆಸರು ಹೇಳುತ್ತ ಅವಳು ಯಾಕೆ ನಕ್ಕಳು ಎಂದು, ನಿನ್ನ ಮುಖ ಯಾಕೆ ಹಾಗಾಗಿತ್ತು ಎಂದು. ಕೇಳುವಾಗ ಅವರ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು. ತಿಂಗಳಿಡೀ ಸಮುದ್ರಕ್ಕೆ ಕಿವಿಗೊಟ್ಟರೂ ಅವಳ ಗಂಡನ ದನಿಯನ್ನು ಅವರು ಒಮ್ಮೆಯೂ ಕೇಳಲಿಲ್ಲ. ನಾನು ಕೇಳಿದ್ದೇನೆ. ಅದನ್ನು ಅವರಿಗೆ ಕೊಡುವುದಿಲ್ಲ.