ಡಾಂಬರಿನ ಕೆಳಗಿನ ಗೆರೆ

ಜಯನಗರದ ಬಡಾವಣೆಗೆ ನಮ್ಮ ಹೊಲ ಹೋದ ಮೇಲೆ, ಬಂದ ಪರಿಹಾರದ ಹಣದಲ್ಲಿ ಅಪ್ಪ ಒಂದು ಹಳೆಯ ಕಾರು ಕೊಂಡ. ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವ ಆಸೆ. ಊರ ಉಸಾಬರಿಯೆಲ್ಲ ತಲೆಯ ಮೇಲೆ ಹೊತ್ತಿದ್ದ ಪಕ್ಕದ ಮನೆಯವರೊಬ್ಬರು ಕಾರಿನಡಿ ಬಗ್ಗಿ ನೋಡಿದರು. “ಚಾಸಿಗೆ ಇಷ್ಟು ದಪ್ಪ ಡಾಂಬರು ಯಾಕೆ ಬಳಿದವ್ರೆ? ಒಳಗೆ ಬಿರುಕಿರ್ಬೇಕು. ಕಾರಿನ ಭಾರವೆಲ್ಲ ಹೊರೋ ಚೌಕಟ್ಟೇ ಅದು. ಅದು ಹೋಗಿದ್ರೆ ಗುಜರಿಗೇ ಗತಿ,” ಎಂದು ಹೇಳಿ ತಣ್ಣಗೆ ಮನೆಗೆ ಹೋದರು. ಅವತ್ತು ನಮ್ಮಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ.

ಹೇಗೂ ಆ ಡಾಂಬರು ಕೆರೆದು ಹೊಸ ಬಣ್ಣ ಬಳಿಯಬೇಕಿತ್ತು. ಅಪ್ಪ ಹಿಡಿದದ್ದು ಎತ್ತಿನ ಮೈ ತಿಕ್ಕುತ್ತಿದ್ದ ತೆಂಗಿನ ನಾರು. ಡಾಂಬರು ನಾರಿಗೆ ಮೆತ್ತಿಕೊಂಡಿತೇ ಹೊರತು ಚಾಸಿ ಬಿಡಲಿಲ್ಲ. ನನಗೆ ಮೊದಲೇ ತಾಳ್ಮೆ ಕಡಿಮೆ. “ಇದೇನು ಎತ್ತಾ, ನೋಯುತ್ತೆ ಅನ್ನೋಕೆ?” ಎಂದು ಗದರಿ, ಮಾರ್ಕೆಟ್ಟಿನಿಂದ ಉಕ್ಕಿನ ತಂತಿ ಬ್ರಷ್ಷು ತಂದು, ಸೀಮೆಎಣ್ಣೆ ಹಚ್ಚಿ ಗಸಗಸ ಉಜ್ಜಿದೆ. ಡಾಂಬರು, ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿ ಕಬ್ಬಿಣ ಹೊಳೆಯಿತು. ಅದರ ಮೇಲೆ ಉದ್ದಕ್ಕೆ ಒಂದು ಗೆರೆಯೂ ಕಂಡಿತು.

“ಹೋಯ್ತು ಕಣಮ್ಮ. ಹೊಲಾನೂ ಹೋಯ್ತು, ಕಾರೂ ಹೋಯ್ತು,” ಎಂದ ಅಪ್ಪ. ಕಾರಿನಡಿ ನನ್ನ ಪಕ್ಕದಲ್ಲೇ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದ.

ಆದರೆ ಗೆರೆ ನನ್ನ ಕೈ ಓಡಿದ ದಿಕ್ಕಿನಲ್ಲೇ ಇತ್ತು. ಉಕ್ಕಿನ ತಂತಿಯೇ ಗೀಚಿದ್ದಿರಬಹುದೆ? ಬೀದಿಯ ಕೊನೆಯ ಅಕ್ಕಸಾಲಿಗರ ಮನೆಗೆ ಓಡಿ, ಅವರು ಒಡವೆ ಉಜ್ಜುವ ಹಿತ್ತಾಳೆ ತಂತಿಯ ಬ್ರಷ್ಷು ಕೇಳಿ ತಂದೆ. ಮೆತ್ತಗಿನ ತಂತಿ, ಹೊಸ ಗೀರು ಬೀಳುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ ನಿಧಾನವಾಗಿ ತಿಕ್ಕಿ, ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಗೆರೆ ಅರ್ಧಕ್ಕರ್ಧ ಮಾಸಿತು. ಆಳದ ಬಿರುಕಾದರೆ ಮಾಸುತ್ತಿರಲಿಲ್ಲ, ಆದರೂ ಅನುಮಾನ ಉಳಿಯಿತು.

ಅಷ್ಟರಲ್ಲಿ ಅಮ್ಮ ರಂಗೋಲಿ ಪುಡಿ ತಂದಳು. ಸೀಮೆಎಣ್ಣೆ ಡಬ್ಬ ಎಲ್ಲಿ ಸೋರುತ್ತದೆಂದು ಅವಳು ನೋಡುತ್ತಿದ್ದುದೇ ಆ ಪುಡಿ ಸವರಿ. “ಬಿರುಕಿದ್ರೆ ಎಣ್ಣೆ ಕುಡ್ದಿರುತ್ತೆ, ಪುಡೀನ ಒದ್ದೆ ಮಾಡುತ್ತೆ,” ಎಂದಳು. ಗೆರೆಯ ಮೇಲೆ ಪುಡಿ ಸವರಿ ಕಾದೆವು. ಪುಡಿ ಬೆಳ್ಳಗೇ ಉಳಿಯಿತು.

“ಬಿರುಕಿಲ್ಲ ಕಣಪ್ಪ, ನಾನೇ ಗೀಚಿರೋದು!” ಎಂದು ಕೂಗಿದೆ. ಹೋದ ಜೀವ ಬಂದಂತಾಯಿತು. ಅಪ್ಪ ನಗುತ್ತಾನೆ ಅಂದುಕೊಂಡರೆ, ಮಲಗಿದಲ್ಲೇ ಟವೆಲು ಮುಖಕ್ಕೆ ಮುಚ್ಚಿಕೊಂಡು ಗೊಳೋ ಎಂದು ಅಳತೊಡಗಿದ. ಸಮಾಧಾನ ಮಾಡಲು ಹೋದ ನನ್ನನ್ನು ಅಮ್ಮ ಈಚೆಗೆ ಎಳೆದುಕೊಂಡಳು.

“ಅಳ್ಲಿ ಬಿಡು. ಹೊಲ ಹೋದಾಗ ಅಳೋಕೂ ಹೆದರ್ಕೊಂಡಿದ್ರು. ಈಗ ಕಾರು ಉಳೀತು, ಅಳೋಕೆ ಧೈರ್ಯ ಬಂತು.”