ನೋವಿಲ್ಲ ಎಂದು ಬರೆದ ಚೀಟಿ

ಚರ್ಮದ ಮೇಲಿನ ಕಲೆಯನ್ನು ಬಣ್ಣಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಎಲ್ಲಿದೆ, ಎಷ್ಟಗಲ, ಬಣ್ಣವೇನು, ಅಂಚು ಹೇಗಿದೆ, ಯಾವಾಗ ಶುರುವಾಯಿತು, ತುರಿಕೆಯೋ ನೋವೋ? ಶಿಡ್ಲಘಟ್ಟದಲ್ಲಿ ಕ್ಲಿನಿಕ್ ಹಾಕಿದ ಮೇಲೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿತು: "ಬೇಸಿನ್ ಕೆಲಸಾನಾ?" ಬಿಸಿನೀರಿನಲ್ಲಿ ಗೂಡು ನೆನೆಸಿ, ಬರಿಗೈಯಲ್ಲಿ ರೇಷ್ಮೆಯ ಎಳೆ ಹುಡುಕುವವರ ಕೈ ಬೆಳ್ಳಗೆ ನೆನೆದು ಬಿರಿದಿರುತ್ತದೆ. ಅಂಥ ಕೈ ನೋಡಿ ನೋಡಿ, ಅವರು ಹೌದೆಂದರೆ ಸಾಕು, ನನ್ನ ಪೆನ್ನು ತಾನಾಗಿಯೇ ಓಡುತ್ತಿತ್ತು.

ಆಕೆ ಅತ್ತೆಯ ಜೊತೆ ಬಂದಿದ್ದಳು. ಮೂವತ್ತು ದಾಟಿರಲಿಲ್ಲ. ಬೆರಳು ಬಿರಿದಿದ್ದವು, ಮೊಣಕೈ ಕೆಳಗೆ ಒಂದು ಮಾಸಲು ಮಚ್ಚೆಯಿತ್ತು. ಮನೆಯಲ್ಲಿ ಎಳೆ ಹಿಡಿಯುವವಳು ಇವಳೊಬ್ಬಳೇ, ಕೈ ಬೇಗ ವಾಸಿಯಾಗಬೇಕು ಎಂದರು ಅತ್ತೆ. ಆಮೇಲೆ ಹೆಮ್ಮೆಯಿಂದ, "ನಮ್ ಬಹೂ ಕೈ ಚೆನ್ನಾಗಿ ಪಳಗೈತೆ ಡಾಕ್ಟ್ರಮ್ಮ. ಎಂಥಾ ಸುಡೋ ನೀರಿಗೂ ಹಾಕ್ತಾಳೆ, ಹಾ ಅನ್ನಲ್ಲ" ಎಂದರು.

ಈ ಊರಲ್ಲಿ ಅದು ದೊಡ್ಡ ಹೊಗಳಿಕೆ. ಹೊಸಬರು ಸುಟ್ಟುಕೊಂಡು ಕೈ ಕೊಡವುತ್ತಾರೆ, ಪಳಗಿದವರು ಹರಟುತ್ತಲೇ ಎಳೆ ಹಿಡಿಯುತ್ತಾರೆ. "ಪರವಾಗಿಲ್ವೇ!" ಎಂದು ನಾನೂ ನಕ್ಕೆ. ಅವಳು ನಾಚಿ ತಲೆ ತಗ್ಗಿಸಿದಳು. ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹತ್ತಿ ಆಡಿಸಿ, ಗೊತ್ತಾಗುತ್ತಾ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ಹೊರಗೆ ಜನ ಕಾದಿದ್ದರು ಎಂಬ ನೆಪವೂ ಇಲ್ಲ, ಅವತ್ತು ಬೆಂಚು ಖಾಲಿಯಿತ್ತು. ಚೀಟಿಯಲ್ಲಿ ಬರೆದೆ: ಒಂದೇ ಮಚ್ಚೆ, ರೂಪಾಯಿ ಅಗಲ, ಮಾಸಲು, ಒಣ, ಅಂಚು ಸ್ಪಷ್ಟ, ತುರಿಕೆಯಿಲ್ಲ, ನೋವಿಲ್ಲ. ಬಿಸಿನೀರಿನ ಕೆಲಸದ್ದು ಎಂದು ಮುಲಾಮು ಕೊಟ್ಟು ಕಳಿಸಿದೆ.

ವರ್ಷ ಕಳೆದ ಮೇಲೆ ಒಬ್ಬಳೇ ಬಂದು ಟೇಬಲ್ಲಿನ ಮೇಲೆ ಕೈ ಇಟ್ಟಳು. ಕಿರುಬೆರಳು, ಅದರ ಪಕ್ಕದ ಬೆರಳು ಒಳಕ್ಕೆ ಮಡಚಿಕೊಂಡಿದ್ದವು.

"ಎಳೆ ಸಿಗ್ತಾ ಇಲ್ಲ ಮೇಡಂ, ಜಾರ್ಕೊಂಡು ಹೋಗ್ತೈತೆ."

ಮಚ್ಚೆ ಅಂಗೈಯಗಲ ಆಗಿತ್ತು. ಕಣ್ಣು ಮುಚ್ಚಿಸಿ ಹತ್ತಿ ಆಡಿಸಿದೆ. ಒಂದು ಸಲ, ಎರಡು ಸಲ, ಮೂರು ಸಲ. ಅವಳು ಕಣ್ಣು ಮುಚ್ಚಿಕೊಂಡೇ ಕಾದಿದ್ದು, ಕೊನೆಗೆ ಕೇಳಿದಳು: "ಇನ್ನೂ ಶುರು ಮಾಡಿಲ್ವಾ ಮೇಡಂ?"

ಅವಳ ತೋಳು ಹಿಡಿದು ತಡವಿದೆ. ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪಗೆ ಸಿಕ್ಕಿತು. ಕುಷ್ಠ. ಹಳೆಯ ಚೀಟಿಯನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಳು. ಓದಿದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನೋವಿಲ್ಲ ಎಂಬುದೇ ಕಾಯಿಲೆಯ ಗುರುತು, ನಾನು ಅದನ್ನು ಒಳ್ಳೆಯ ಸುದ್ದಿಯೆಂದು ಬರೆದಿದ್ದೆ.

ಈಗ ಯಾವ ಕೈ ಮುಂದೆ ಬಂದರೂ ಹತ್ತಿ ತೆಗೆಯುತ್ತೇನೆ. ಮನೆಯಲ್ಲಿ ಬಿಸಿ ಪಾತ್ರೆ ತಗುಲಿ ಕೈ ಹಿಂದಕ್ಕೆಳೆದುಕೊಂಡಾಗ, ಇನ್ನೂ ಶುರು ಮಾಡಿಲ್ವಾ ಎಂಬ ಆ ದನಿ ಕಿವಿಯಲ್ಲೇ ಕೇಳುತ್ತದೆ. ಭಯವಾಗುತ್ತದೆ, ನಾಚಿಕೆಯೂ.

ಸರ್ಕಾರಿ ಆಸ್ಪತ್ರೆಯ ಮಾತ್ರೆಯಿಂದ ಕಾಯಿಲೆ ವಾಸಿಯಾಯಿತು. ಬೆರಳು ನೆಟ್ಟಗಾಗಲಿಲ್ಲ. ಬೇಸಿನ್ ಮುಂದೆ ಈಗ ಅವಳ ನಾದಿನಿ ಕೂರುತ್ತಾಳಂತೆ. ಮಾತ್ರೆ ಮುಗಿದ ದಿನ ಅವಳು ಕೇಳಿದಳು: "ಮುಂಚೇನೇ ಗೊತ್ತಾಗಿದ್ರೆ ಬೆರಳು ಉಳೀತಿತ್ತಾ ಮೇಡಂ?"

"ಉಳೀತಿತ್ತು ಕಣಮ್ಮ."

ಅವಳು ಮಡಚಿದ ಬೆರಳನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. "ಮುಲಾಮು ಮುಗಿದಾಗ್ಲೇ ತಿರುಗಿ ಬರ್ಬೇಕಿತ್ತು. ಕೆಲ್ಸ ಬಿಟ್ಟು ಬರಕ್ಕಾಗ್ಲಿಲ್ಲ. ನಂದೇ ತಪ್ಪು ಬಿಡಿ."

ನಾನು ಅಲ್ಲ ಎನ್ನಲಿಲ್ಲ.